ರೆಪ್ಪೆ ಬಡಿಯದ ಕಣ್ಣು

ಮೊನ್ನೆ ಔಷಧಿ ಅಂಗಡಿಯವರು ಕೆಂಪಾದ ನನ್ನ ಕಣ್ಣು ನೋಡಿ, ಚೀಟಿ ಗೀಟಿ ಕೇಳದೆ ಹೆಬ್ಬೆರಳುದ್ದದ ಬಾಟಲಿಯೊಂದನ್ನು ಮುಂದಿಟ್ಟರು. ಅದೇ ಬಾಟಲಿ, ಅದೇ ಗುಲಾಬಿ ಮುಚ್ಚಳ. ಕೈಗೆತ್ತಿಕೊಳ್ಳಲಾಗಲಿಲ್ಲ. ರಬಕವಿಯ ನಮ್ಮ ಪಕ್ಕದ ಮನೆಯ ಕಾಕು ನೆನಪಾದಳು...

ಕಾಕು ಕೆಚ್ಚುವವಳು. ಮಗ್ಗದ ಮೇಲೆ ಹಳೆಯ ಹಾಸು, ಅಂದರೆ ಉದ್ದ ಎಳೆಗಳ ಸಾಲು, ಮುಗಿಯುವಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಜೋಡಿಸುವ ಕೆಲಸ. ಒಂದು ತಪ್ಪಿದರೂ ಸೀರೆಯಲ್ಲಿ ಗೆರೆ. ಓಣಿಯಲ್ಲಿ ಅವಳಷ್ಟು ಚುರುಕು ಕಣ್ಣು ಯಾರಿಗೂ ಇರಲಿಲ್ಲ, ಅಷ್ಟು ಚುರುಕು ಬಾಯಿಯೂ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಹಾಕಿದ ಗಂಟು ನೋಡಿ, ಇದರಿಂದ ಎಮ್ಮೆ ಕಟ್ಟಬಹುದು ಎಂದಿದ್ದಳು.

ಒಂದು ಬೇಸಿಗೆಯಲ್ಲಿ ಅವಳ ಎಡಗಣ್ಣು ಕೆಂಪಾಯಿತು. ನೇಕಾರರ ಮನೆಯಲ್ಲಿ ಕಣ್ಣಿಗೆ ಏನೇ ಆದರೂ ಬೈಗುಳ ನೂಲಿನ ಧೂಳಿಗೇ. ನಮ್ಮ ಮಾವನವರ ಕಣ್ಣಿನ ಆಪರೇಷನ್ ಆದಾಗ ಕೊಟ್ಟಿದ್ದ ಗುಲಾಬಿ ಮುಚ್ಚಳದ ಹನಿ ಗೋಡೆಯ ಗೂಡಿನಲ್ಲಿ ಉಳಿದಿತ್ತು. ನಾನೇ ಒಯ್ದು ಕೊಟ್ಟೆ. ಎರಡೇ ದಿನಕ್ಕೆ ಕೆಂಪು ಇಳಿಯಿತು. ಮತ್ತೆ ಕೆಂಪಾಯಿತು, ಮತ್ತೆ ಹಾಕಿದಳು. ಬರಬರುತ್ತ ನೋವೂ ಹೋಯಿತು.

"ನೋವ ಇಲ್ಲ ಅಂದಮ್ಯಾಲ ಆರಾಮ ಆತಲ್ಲ" ಎಂದಳು. ನಾನು ಬೀಗಿದೆ. ಆದರೆ ಎಳೆಗಳು ಅವಳಿಗೆ ಮಂಜುಮಂಜಾಗಿ ಕಾಣತೊಡಗಿದ್ದವು...

ಜಮಖಂಡಿಗೆ ನಾನೇ ಕರೆದೊಯ್ದೆ. ಡಾಕ್ಟರು ಅರಳೆಯಿಂದ ಒಂದು ಎಳೆ ಹೊಸೆದು ಅವಳ ಕರಿಗುಡ್ಡೆಗೆ ಮುಟ್ಟಿಸಿದರು. ಕಾಕು ರೆಪ್ಪೆ ಬಡಿಯಲಿಲ್ಲ. ಕಣ್ಣಿನ ಸ್ಪರ್ಶವೇ ಸತ್ತಿದೆ, ನೋವು ಹೋದದ್ದೂ ಅದಕ್ಕೇ. ಇದು ಧೂಳಲ್ಲ, ವೈರಸ್ಸು ಎಂದರು. ಕಣ್ಣೊಳಗೆ ಕಾದಾಟ ಜೋರಾದರೆ ನೋಟವೇ ಕೆಡುತ್ತದೆಂದು ದೇಹ ಅಲ್ಲಿ ತನ್ನ ಕಾವಲು ಪಡೆಯನ್ನು ಹಿಡಿದಿಟ್ಟುಕೊಳ್ಳುತ್ತದಂತೆ. ವೈರಸ್ಸಿಗೆ ಅಷ್ಟೇ ಸಾಕು. ನರದ ಬೇರಿನಲ್ಲಿ ಹೋಗಿ ಸದ್ದಿಲ್ಲದೆ ಮಲಗುತ್ತದೆ. ಅಲ್ಲಿಂದ ಹೊರಗಟ್ಟುವ ಔಷಧಿಯಿಲ್ಲ. ಬಿಸಿಲೋ ಜ್ವರವೋ ನೆವ ಸಿಕ್ಕರೆ ಮತ್ತೆ ಕಣ್ಣಿಗೆ ಇಳಿಯುತ್ತದೆ. ಕೆಂಪು ಇಳಿಸಿದ ಆ ಹನಿ ಇದ್ದಬದ್ದ ಕಾವಲನ್ನೂ ಮಲಗಿಸಿತ್ತು. ಅದನ್ನು ಕೊಟ್ಟವರು ಯಾರು ಎಂದು ಕೇಳಿದರು.

ನಾನು ಪಕ್ಕದಲ್ಲೇ ನಿಂತಿದ್ದೆ.

"ಮನ್ಯಾಗ ಇತ್ರಿ, ನಾನ ಹಾಕ್ಕೊಂಡೇನ್ರಿ" ಎಂದಳು ಕಾಕು.

ಬಿಸಿಲು ಬೇಡ, ಧೂಳು ಬೇಡ ಎಂದು ಹೇಳಿ ಕಳಿಸಿದರು. ಎರಡೂ ಇಲ್ಲದ ಜಾಗ ನಮ್ಮೂರಲ್ಲಿ ಎಲ್ಲಿ? ಕಿಟಕಿ ಮುಚ್ಚಿದ ಒಳಕೋಣೆಯೇ ಅವಳ ಪಾಲಿಗೆ ಬಂತು. ಮಗ್ಗದ ಸದ್ದು ನಿಂತರೆ ಸಾಕು, ಎಳೆ ಹರಿಯಿತು ನೋಡಿರಿ ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ತಪ್ಪು ನನ್ನದೆಂದು ಹೇಳಿಬಿಡಬೇಕೆಂದು ದಿನಾ ಚಹಾ ಹಿಡಿದು ಹೋಗುತ್ತಿದ್ದೆ, ಖಾಲಿ ಬಸಿ ಹಿಡಿದು ಬರುತ್ತಿದ್ದೆ.

"ಆ ವೈರಸ್ಸೂ ಒಳಗ, ನಾನೂ ಒಳಗ. ಇಬ್ರಿಗೂ ಹೊರಗ ಹಾದಿ ಇಲ್ಲ ನೋಡ" ಎಂದಳು ಒಮ್ಮೆ. ನನ್ನನ್ನೂ ಸೇರಿಸಿದರೆ ಮೂವರಾಗುತ್ತಿದ್ದೆವು.

ಹೋದ ವರ್ಷ ಕಾಕು ಎದೆನೋವಿನಿಂದ ತೀರಿಕೊಂಡಳು...

ಮೊನ್ನೆ ಬಾಟಲಿಯನ್ನು ಹಿಂದಕ್ಕೆ ಸರಿಸಿ ಜಮಖಂಡಿಯ ಬಸ್ಸು ಹತ್ತಿದೆ. ಅದೇ ಡಾಕ್ಟರು, ಅದೇ ಅರಳೆಯ ಎಳೆ. ನನ್ನ ರೆಪ್ಪೆ ತಟ್ಟನೆ ಬಡಿಯಿತು. ಬರೀ ಧೂಳು ಎಂದರು. ಯಾವುದಾದರೂ ಹನಿ ಹಾಕಿದ್ದಿರಾ ಎಂದು ಕೇಳಿದರು.

"ನಾ ಹಾಕ್ಕೊಂಡಿಲ್ರಿ. ಕಾಕೂಗ ಕೊಟ್ಟಾಕಿ ನಾನರಿ" ಎಂದೆ.

ಯಾವ ಕಾಕು ಎಂದು ಡಾಕ್ಟರಿಗೆ ತಿಳಿಯಲಿಲ್ಲ.