ನಮ್ಮ ಪಂಕ್ಚರ್, ಮೇಷ್ಟ್ರ ಅಲಾರಂ

ಮದುವೆ ಮನೆಗಳಿಗೆ ಪಾತ್ರೆ ಬಾಡಿಗೆಗೆ ಕೊಡುವುದು ನನ್ನ ಮತ್ತು ನನ್ನ ನಾದಿನಿಯ ಕಸುಬು. ಸಾಮಾನು ಸಾಗಿಸಲೆಂದು ಶಿವಮೊಗ್ಗದಲ್ಲೇ ಒಂದು ಹಳೆಯ ಪಿಕಪ್ ಕೊಂಡಿದ್ದೆವು. ಯಾರೋ ಶೋಕಿಗೆ ಇಟ್ಟುಕೊಂಡಿದ್ದ ಗಾಡಿ. ಡ್ಯಾಶ್‌ಬೋರ್ಡಿನ ತುಂಬ ಬಣ್ಣಬಣ್ಣದ ಲೈಟುಗಳು. ಎಂಜಿನ್ ಗಟ್ಟಿಯಾಗಿತ್ತು, ಆದರೆ ಗುಂಡಿಗಳಿಗೆ ಇಳಿದೂ ಇಳಿದೂ ರಿಮ್ಮುಗಳು ಸೊಟ್ಟಗಾಗಿದ್ದವು. ಬೇರೆ ಚಕ್ರ ಹುಡುಕುತ್ತಿದ್ದಾಗ, ಭದ್ರಾವತಿಯ ಕಾಗದನಗರದಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಅದೇ ಮಾದರಿಯ ಗಾಡಿಯ ನಾಲ್ಕು ಚಕ್ರ ಮಾರುತ್ತಿದ್ದಾರೆಂದು ತಿಳಿಯಿತು. ಹೇಗೂ ನ್ಯೂಟೌನಿನ ಕಲ್ಯಾಣ ಮಂಟಪದಿಂದ ನಮ್ಮ ಕೊಪ್ಪರಿಗೆಗಳನ್ನು ತರಬೇಕಿತ್ತು. ಅವನ್ನು ತುಂಬಿಕೊಂಡು ನೇರ ಮೇಷ್ಟ್ರ ಮನೆಗೆ ಹೋದೆವು.

ಮೇಷ್ಟ್ರ ಪಿಕಪ್ ಆಗಲೇ ಹೊಸ ಕಪ್ಪು ಚಕ್ರ ತೊಟ್ಟು ಮಿರಮಿರ ಮಿಂಚುತ್ತಿತ್ತು.

“ಈ ವಯಸ್ಸಲ್ಲಿ ಕರೀ ಚಕ್ರ ಬೇಕಂತೆ ಇವರಿಗೆ!” ಎಂದು ಅವರ ಹೆಂಡತಿ ಬಾಗಿಲಲ್ಲೇ ನಿಂತು ನಮಗೆ ದೂರು ಹೇಳಿದರು. ಮೇಷ್ಟ್ರು ಕೇಳಿಸದವರಂತೆ ಟೈರು ಒರೆಸುತ್ತಿದ್ದರು.

ಪಕ್ಕದ ರಸ್ತೆಯ ಮೆಕ್ಯಾನಿಕ್ ಭಾಯ್ ಹಳೆಯ ಚಕ್ರಗಳನ್ನು ನಮ್ಮ ಗಾಡಿಗೆ ಕೂರಿಸಿಕೊಟ್ಟ. ನಾನು ಗಾಡಿ ಶುರು ಮಾಡಿದ ಕೂಡಲೇ ಹಳದಿ ಲೈಟೊಂದು ಹೊತ್ತಿಕೊಂಡಿತು.

“ಅಕ್ಕಾ, ಈ ಚಕ್ರಗಳ ಒಳಗೆ ಸೆನ್ಸರ್ ಇದಾವೆ,” ಎಂದ ಭಾಯ್. “ಚಕ್ರ ಉರುಳೋವಾಗ, ಇಲ್ಲಾ ಗಾಳಿ ಇಳಿಯೋವಾಗ, ಟೈರಲ್ಲಿ ಎಷ್ಟಿದೆ ಅಂತ ರೇಡಿಯೋ ಥರ ಗಾಡಿಗೆ ಹೇಳ್ತಾ ಇರ್ತಾವೆ. ನಿಮ್ಮ ಗಾಡಿಗೆ ಇವುಗಳ ಪರಿಚಯ ಇಲ್ಲ. ಪರಿಚಯ ಮಾಡ್ಸೋ ಮಶೀನು ಶಿವಮೊಗ್ಗದ ಆಲ್ಕೊಳದ ಅಂಗಡೀಲಿದೆ. ಅಲ್ಲೀತನಕ ಲೈಟು ಉರೀತಾನೇ ಇರುತ್ತೆ.”

“ನಂದೂ ಉರೀತಿದೆ!” ಎಂದರು ಮೇಷ್ಟ್ರು. ಅವರ ಕಪ್ಪು ಚಕ್ರಗಳಲ್ಲಿ, ಭಾಯ್ ಪ್ರಕಾರ, ಸೆನ್ಸರೇ ಇರಲಿಲ್ಲ. “ನಡೀರಮ್ಮ, ನಾನೂ ಆಲ್ಕೊಳಕ್ಕೆ ಬರ್ತೀನಿ.”

ನಾವು ಮುಂದೆ, ಮೇಷ್ಟ್ರು ಹಿಂದೆ. ಊರು ದಾಟಿದ ಮೇಲೆ ಕಬ್ಬಿನಹಾಲಿನ ಗಾಡಿಯ ಹತ್ತಿರ ನಿಲ್ಲಿಸಿದರೆ, ಮೇಷ್ಟ್ರು ಹೆಚ್ಚುಕಡಿಮೆ ಕುಣಿಯುತ್ತಲೇ ಇಳಿದು ಬಂದರು.

“ಲೈಟು ಆರಿಹೋಯ್ತು ಕಣ್ರಮ್ಮ! ನಾಲ್ಕೂ ಟೈರಿನ ಗಾಳಿ ತೋರಿಸ್ತಾ ಇದೆ! ಹೊಸ ಚಕ್ರದಲ್ಲೂ ಸೆನ್ಸರ್ ಇದ್ದೇ ಇತ್ತು, ಭಾಯ್‌ಗೆ ಗೊತ್ತಾಗಿಲ್ಲ!”

ಆ ಖುಷಿಗೆ ನಮಗೂ ಅವರೇ ಕಬ್ಬಿನಹಾಲು ಕುಡಿಸಿದರು. ಇಷ್ಟಾದ ಮೇಲೆ ಆಲ್ಕೊಳದಲ್ಲಿ ಅವರಿಗೆ ಕೆಲಸವೇ ಇರಲಿಲ್ಲ. ಆದರೂ ಹೊಸ ಚಕ್ರದ ಮೇಲೆ ಓಡಾಡುವ ಆಸೆ, ಮತ್ತೆ ಹಿಂದೆ ಬಂದರು.

ಕೊಪ್ಪರಿಗೆಗಳು ಒಂದಕ್ಕೊಂದು ಬಡಿದು ಢಣಢಣ ಎನ್ನುತ್ತಿದ್ದವು. ಆ ತಾಳಕ್ಕೆ ನಾದಿನಿ ಹಾಡತೊಡಗಿದಳು, ನಾನೂ ಸೇರಿಕೊಂಡೆ. ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ನೋಡಿದರೆ ಮೇಷ್ಟ್ರು ಗಾಡಿ ನಿಲ್ಲಿಸಿ, ಇಳಿದು, ತಮ್ಮ ಚಕ್ರಗಳನ್ನು ಒಂದೊಂದಾಗಿ ಒದೆಯುತ್ತಿದ್ದರು. ಮತ್ತೆ ಹತ್ತಿ ನಮ್ಮ ಹಿಂದೆ ಬಂದರು. ಮತ್ತೆ ನಿಂತರು. ಮತ್ತೆ ಒದೆ.

“ಅತ್ತಿಗೆ, ಮೇಷ್ಟ್ರಿಗೇನೋ ಆಗಿದೆ. ನಿಲ್ಸಿ ಮಾರಾಯ್ತಿ!” ಎಂದಳು ನಾದಿನಿ.

ನಿಲ್ಲಿಸಿದೆವು. ಮೇಷ್ಟ್ರು ಬೆವರುತ್ತ ಬಂದರು.

“ಎಡಗಡೆ ಹಿಂದಿನ ಟೈರಲ್ಲಿ ಗಾಳಿ ಹೋಗ್ತಿದೆ ಅಂತ ನನ್ನ ಗಾಡಿ ಬಡ್ಕೋತಿದೆ. ಇಳಿದು ನೋಡಿದ್ರೆ ಟೈರು ಕಲ್ಲು ಇದ್ದಂಗಿದೆ! ನೀವು ದೂರ ಹೋದ್ರೆ ಅಂಕಿನೇ ಇಲ್ಲ, ಹತ್ರ ಬಂದ್ರೆ ಮತ್ತೆ ಬರುತ್ತೆ, ಮತ್ತೆ ಇಳೀತಾ...”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

“ಮೇಷ್ಟ್ರೇ,” ಎಂದಳು ನಾದಿನಿ ಮೆಲ್ಲಗೆ, “ನಿಮ್ಮ ಗಾಡಿ ಇನ್ನೂ ಹಳೇ ಚಕ್ರಗಳ ಮಾತೇ ಕೇಳ್ತಿದೆ. ಗಾಳಿ ಹೋಗ್ತಿರೋದು ನಮ್ಮದು!”

ಮೂವರೂ ನಮ್ಮ ಎಡಗಡೆಯ ಹಿಂದಿನ ಚಕ್ರದ ಕಡೆ ಓಡಿದೆವು. ಅದು ಗಟ್ಟಿಯಾಗಿತ್ತು! ಮೇಷ್ಟ್ರು ಅದನ್ನೂ ಒದ್ದು ನೋಡಿದರು. ಗಾಡಿಯ ಸುತ್ತ ಹುಡುಕುತ್ತ ಬಂದರೆ, ಬಲಗಡೆಯ ಮುಂದಿನ ಟೈರು ಮೊಳೆಯೊಂದನ್ನು ಕಚ್ಚಿಕೊಂಡು ಅರ್ಧ ಚಪ್ಪಟೆಯಾಗಿ ಕೂತಿತ್ತು. ಭಾಯ್ ಚಕ್ರಗಳನ್ನು ಕೈಗೆ ಸಿಕ್ಕ ಹಾಗೆ ಹಾಕಿದ್ದ. ಮೇಷ್ಟ್ರ ಗಾಡಿಗೆ ಗೊತ್ತಿದ್ದದ್ದು ಅವುಗಳ ಹಳೆಯ ಜಾಗ ಮಾತ್ರ.

ಮೊದಲು ನಕ್ಕವರು ಮೇಷ್ಟ್ರು. ಆಮೇಲೆ ಯಾರಿಗೂ ನಿಲ್ಲಿಸಲಾಗಲಿಲ್ಲ. ನಾನು ನಕ್ಕೂ ನಕ್ಕೂ ಜ್ಯಾಕ್ ಸರಿಯಾಗಿ ಇಡಲಾಗದೆ ನೆಲದ ಮೇಲೇ ಕೂತುಬಿಟ್ಟೆ. ನಾದಿನಿ ಇಳಿಸಿಟ್ಟಿದ್ದ ಕೊಪ್ಪರಿಗೆಯೊಂದು ತಾನಾಗಿಯೇ ಉರುಳುತ್ತ ಗದ್ದೆಯ ಕಡೆ ಹೊರಟಿತು. ಅವಳು ಅದರ ಹಿಂದೆ ಓಡಿದಳು. ಬೈಕಿನಲ್ಲಿ ಹೋಗುತ್ತಿದ್ದವರೊಬ್ಬರು ನಿಲ್ಲಿಸಿ, “ಏನಾಯ್ತು ಸಾರ್?” ಎಂದು ಕೇಳಿದರು.

“ಇವರ ಟೈರು ನನ್ನ ಗಾಡೀಲಿ ಪಂಕ್ಚರ್ ಆಗಿದೆ!” ಎಂದರು ಮೇಷ್ಟ್ರು.

ಆ ಮನುಷ್ಯ ಇನ್ನೇನೂ ಕೇಳದೆ ಹೊರಟುಹೋದರು.

ಸ್ಟೆಪ್ನಿ ಹಾಕಿಕೊಂಡು ಆಲ್ಕೊಳ ತಲುಪಿದೆವು. ಅಂಗಡಿಯವರು ಪಂಕ್ಚರ್ ಹಾಕಿ ಚಕ್ರವನ್ನು ಮತ್ತೆ ಕೂರಿಸಿದರು. ಕೈಯಲ್ಲಿ ಹಿಡಿಯುವ ಮಶೀನನ್ನು ಅವರು ತೆಗೆಯುತ್ತಿದ್ದಂತೆ ಮೇಷ್ಟ್ರು ತಡೆದರು. “ಒಂದ್ನಿಮಿಷ ಇರಪ್ಪ. ಇಷ್ಟು ಚೆನ್ನಾಗಿರೋದನ್ನ ಅಳಿಸೋ ಮೊದಲು ಒಂದ್ಸಲ ನೋಡ್ಬಿಡೋಣ.” ಹೋಗಿ ತಮ್ಮ ಗಾಡಿಯಲ್ಲಿ ಕೂತರು. “ಬಿಡಮ್ಮಾ ಗಾಳಿ!”

ನಾದಿನಿ ನಮ್ಮ ಟೈರಿನ ವಾಲ್ವ್ ಒತ್ತಿದಳು. ಬುಸ್ ಎಂದಿತು. “ಇಳೀತು, ಇಳೀತು!” ಎಂದು ಮೇಷ್ಟ್ರು ಒಳಗಿಂದ ಕೂಗಿದರು. ಅವರ ಗಾಡಿ ಕುಂಯ್ ಕುಂಯ್ ಎಂದು ಬಡಿದುಕೊಳ್ಳತೊಡಗಿತು. ನಾನೂ ಒಂದು ಸಲ ಒತ್ತಿದೆ. ಆಮೇಲೆ ಅಂಗಡಿಯವರೂ ಬಂದು ಒತ್ತಿ ನೋಡಿದರು.

ಕೊನೆಗೆ ಗಾಳಿ ತುಂಬಿಸಿ, ಮಶೀನನ್ನು ಒಂದೊಂದು ಚಕ್ರಕ್ಕೂ ಹಿಡಿದು ನಮ್ಮ ಗಾಡಿಗೆ ಪರಿಚಯ ಮಾಡಿಸಿದ್ದಾಯಿತು. ಹಳದಿ ಲೈಟು ಆರಿತು, ಅಂಕಿಗಳು ಮೂಡಿದವು. ಮೇಷ್ಟ್ರು ಕಪ್ಪು ಚಕ್ರಗಳಿಗೆ ಹೊಸ ಸೆನ್ಸರ್ ಹಾಕಿಸಿಕೊಂಡು ಹಾರನ್ ಹೊಡೆಯುತ್ತ ಭದ್ರಾವತಿಗೆ ಹೊರಟರು.

ಮರುದಿನ ಅವರ ಹೆಂಡತಿಯ ಫೋನು. “ರೋಡಲ್ಲಿ ಪಂಕ್ಚರ್ ಆಯ್ತಂತಲ್ಲಮ್ಮ? ಇವರನ್ನ ಕೇಳಿದ್ರೆ ಹೇಳೋದೇ ಇಲ್ಲ, ಬರೀ ನಗ್ತಾರೆ. ಯಾರ ಗಾಡಿ ಪಂಕ್ಚರ್ ಆಗಿದ್ದು?”

ಹೇಳಲು ಬಾಯಿ ತೆರೆದರೆ ನಗುವೇ ಬಂತು. ಫೋನನ್ನು ನಾದಿನಿಯ ಕೈಗೆ ಕೊಟ್ಟೆ. ಅವಳು, “ಅದು ಆಂಟೀ, ನಮ್ಮದೇ, ಆದ್ರೆ ನಿಮ್ಮದ್ರಲ್ಲಿ...” ಎಂದಷ್ಟೇ ಹೇಳಿ ಸೆರಗು ಬಾಯಿಗೆ ತುರುಕಿಕೊಂಡಳು.