ಫಾರಿನ್ ಚಾಕಲೇಟಿನ ಹೊಟ್ಟೆಯಲ್ಲೂ ಶೇಂಗಾನೇ!

ಡಬ್ಬಿಯ ಮುಚ್ಚಳ ಕೂಡ ತೆಗೆದು ನೋಡಲಿಲ್ಲ ಆ ಹೆಂಗಸು!

ತೊಂಬತ್ತರ ದಶಕದ ಕೊನೆ. ಅಕ್ಕನ ಮದುವೆಯಾದ ಮೇಲಿನ ಮೊದಲ ನಾಗರ ಪಂಚಮಿ. ಹಬ್ಬಕ್ಕೆ ನಮ್ಮೂರು ಮುರಗೋಡಕ್ಕೆ ಬಂದಿದ್ದ ಅವಳನ್ನು ರಾಮದುರ್ಗದ ಗಂಡನ ಮನೆಗೆ ಬಿಡಲು ನಾನು ಹೋಗಿದ್ದೆ. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಅವ್ವ ಕಟ್ಟಿದ ಶೇಂಗಾ ಉಂಡಿಯ ದೊಡ್ಡ ಡಬ್ಬಿ.

ಶೇಂಗಾ ನಮ್ಮ ಹೊಲದ್ದೇ. ಬೆಲ್ಲದ ಪಾಕ ಆರುವ ಮೊದಲೇ ಉಂಡಿ ಕಟ್ಟಬೇಕಲ್ಲ, ಅವ್ವನ ಅಂಗೈ ಕೆಂಪಗಾಗಿತ್ತು.

ತವರಿನಿಂದ ಬಂದ ಉಂಡಿಯನ್ನು ಹೊಸ ಸೊಸೆ ತಾನೇ ಓಣಿಗೆಲ್ಲ ಹಂಚುವುದು ನಮ್ಮ ಕಡೆ ಪದ್ಧತಿ. ಯಾರ ಮನೆಗೆ ಮೊದಲು ಹೋಗಬೇಕು ಅಂತ ಅಕ್ಕ ಬಸ್ಸಿನುದ್ದಕ್ಕೂ ಹೇಳುತ್ತಲೇ ಇದ್ದಳು.

ಮನೆ ಮುಟ್ಟಿದ್ದೇ ತಡ, ಅವಳ ಅತ್ತಿ ಡಬ್ಬಿಯನ್ನು ಕಾಲಿನಿಂದ ಮೂಲೆಗೆ ಸರಿಸಿದಳು.

"ಈ ಸಲ ಉಂಡಿಗಿಂಡಿ ಬ್ಯಾಡ, ಮಂದಿ ನಗತಾರ. ನಮ್ಮ ಸಣ್ಣ ಮಗ ಮುಂಬೈದಿಂದ ಫಾರಿನ್ ಚಾಕಲೇಟ್ ತಂದಾನ. ಅದನ್ನ ಹಂಚೂಣು."

ಕಾಲಿನಿಂದ... ತಿನ್ನುವ ಪದಾರ್ಥವನ್ನು!

ಅಕ್ಕ ತಲೆ ತಗ್ಗಿಸಿ ನಿಂತಳು. ನನ್ನ ಕೈಗೂ ಒಂದು ಚಾಕಲೇಟ್ ಬಂತು. ಸಿಟ್ಟಿನಲ್ಲೇ ಕಚ್ಚಿದೆ. ಹಲ್ಲಿಗೆ ಸಿಕ್ಕಿದ್ದೇನು? ಶೇಂಗಾ!

ಕವರ್ ತಿರುಗಿಸಿ ಓದಿದೆ. ಸಕ್ಕರೆ, ಶೇಂಗಾ, ಹಾಲಿನ ಪುಡಿ, ಕೋಕೋ. ಹುಟ್ಟಿದ್ದು ಅಮೆರಿಕದಲ್ಲಂತೆ. ಮೇಲಿನ ಕಂದು ಬಣ್ಣ ನೆಕ್ಕಿ ತೆಗೆದರೆ ಒಳಗೆ ಕೂತಿದ್ದು ನಮ್ಮ ಹೊಲದ ಮಾಲು!

"ಅತ್ತಿ, ಇದರಾಗೂ ಶೇಂಗಾನ ಐತಲ್ರಿ!"

"ಆ ಶೇಂಗಾ ಬ್ಯಾರೆ, ಈ ಶೇಂಗಾ ಬ್ಯಾರೆ. ಸುಮ್ನ ತಿನ್ನು."

ಮೈಯೆಲ್ಲ ಉರಿದುಹೋಯಿತು. ಏನು ಬೇರೆ? ಅದಕ್ಕೆ ಬಣ್ಣದ ಕಾಗದ ಇತ್ತು, ಅವ್ವನ ಉಂಡಿಗೆ ಇರಲಿಲ್ಲ. ಅಷ್ಟೇ ತಾನೇ?

ನಾನು ಇನ್ನೇನೋ ಅನ್ನುವಷ್ಟರಲ್ಲಿ ಅಕ್ಕ ಮೂಲೆಗೆ ಹೋಗಿ ಡಬ್ಬಿ ಎತ್ತಿಕೊಂಡಳು. ಆ ಮನೆಯಲ್ಲಿ ಒಂದು ದಿನವೂ ಎದುರು ಮಾತಾಡದವಳು ಹೇಳುತ್ತಾಳೆ...

"ಚಾಕಲೇಟ್ ನೀವು ಹಂಚ್ರಿ ಅತ್ತಿ. ನಮ್ಮವ್ವನ ಉಂಡಿ ನಾ ಹಂಚಿ ಬರತೇನಿ."

ಹೊಸ್ತಿಲು ದಾಟಿ ನಡೆದೇ ಬಿಟ್ಟಳು. ನಾನು ಹಿಂದೆ ಓಡಿದೆ. ಓಣಿಯವರು ಬಾಗಿಲಲ್ಲೇ ನಿಂತು ತಿಂದರು, ಇನ್ನೊಂದು ಕೇಳಿ ಇಸಿದುಕೊಂಡರು.

ಊರಿಗೆ ಬಂದ ತಕ್ಷಣ ಅವ್ವ ಕೇಳಿದಳು, "ಉಂಡಿ ಎಲ್ಲಾರಿಗೂ ಸೇರಿದ್ವೇನ?"

"ಒಂದೂ ಉಳೀಲಿಲ್ಲವ್ವಾ," ಅಂದೆ.

ಆ ಕಾಲಿನ ಸಂಗತಿಯನ್ನು ಅವ್ವನಿಗೆ ಇವತ್ತಿಗೂ ಹೇಳಿಲ್ಲ. ನೀವಾಗಿದ್ದರೆ ಹೇಳುತ್ತಿದ್ದಿರಾ?