ಮಂಚದ ಕಂಬಿಗೆ ಕಟ್ಟಿದ ಹಸಿರು ಬಟ್ಟೆ

ಅವ್ವನ ತೊಡೆಯ ಪಟ್ಟಿಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಹಳದಿ ಕಲೆ. ಮೊದಲು ಕಂಡಿದ್ದು ಅದು.

ಅವ್ವ ಯಂಕಂಚಿಯಿಂದ ಸಿಂದಗಿಗೆ ನನ್ನ ಮನೆಗೆ ಬರುವಾಗ ಬಸ್ಸಿನಿಂದ ಇಳಿಯುತ್ತ ಬಿದ್ದಿದ್ದಳು. ಬಲತೊಡೆಯ ಎಲುಬು ಮುರಿದಿತ್ತು. ಆಪರೇಷನ್ ಮಾಡಿ ರಾಡ್ ಹಾಕಿದರು. ಚೆನ್ನಾಗಿಯೇ ಇದ್ದಳು. ವಾಕರ್ ಹಿಡಿದು ಕಿಟಕಿಯ ತನಕ ಹೋಗಿ ಬಂದಳು. ಆಮೇಲೆ ಆ ಕಲೆ. ಸಂಜೆಗೆ ಜ್ವರ.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿ ಯಾರೂ ನಮ್ಮನ್ನು ಅಸಡ್ಡೆಯಿಂದ ಕಾಣಲಿಲ್ಲ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಮುಂದಿನದನ್ನು ಓದಿದವರು ಬಯ್ಯಲು ಯಾರನ್ನಾದರೂ ಹುಡುಕುತ್ತಾರೆ. ನಾನೂ ಹುಡುಕಿದ್ದೆ.

ನಾವು ವಾರ್ಡಿಗೆ ಬಂದಾಗಲೇ ಮಂಚದ ಬಲಗಡೆಯ ಕಂಬಿಗೆ ಒಂದು ಹಸಿರು ಬಟ್ಟೆಯ ಚೂರು ಕಟ್ಟಿತ್ತು. ಬೆರಳಗಲದ್ದು. ಬಿಗಿ ಗಂಟು. ನಾನು ಬಿಚ್ಚಲು ಹೋದೆ. ಅವ್ವ ತಡೆದಳು.

"ಬ್ಯಾಡ ಕಸ್ತೂರಿ. ಯಾರೋ ದರ್ಗಾಕ್ಕ ಬೇಡ್ಕೊಂಡು ಕಟ್ಟ್ಯಾರ. ನನ್ನೂ ಒಂದೀಟು ನೋಡ್ಕೊಳ್ಳಲಿ ಆ ಪೀರಪ್ಪ."

ಅವ್ವ ಸೋಮವಾರ ಬಸವಣ್ಣನಿಗೆ ಕಾಯಿ ಒಡೆಸುವವಳು, ಗುರುವಾರ ದರ್ಗಾಕ್ಕೆ ಊದುಬತ್ತಿ ಹಚ್ಚುವವಳು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಆ ಗಂಟು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅದೇ ಕೈಯಿಂದ ಕಾಲಿನ ಪಟ್ಟಿ ಸವರುತ್ತಿದ್ದಳು. ಮಾತಾಡಿಸಲು ಬಂದವರೂ ಮುಟ್ಟಿ ನಮಸ್ಕರಿಸಿದರು.

ವಾರ್ಡು ಸ್ವಚ್ಛ ಮಾಡುವ ಶಾಂತವ್ವ ಔಷಧದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ದಿನವೂ ಕಂಬಿ ಒರೆಸುತ್ತಿದ್ದಳು. ಗಂಟಿನ ತನಕ ಬಂದು ಕೈ ಎತ್ತುತ್ತಿದ್ದಳು. ಅದನ್ನು ದಾಟಿ ಮತ್ತೆ ಕೈ ಇಡುತ್ತಿದ್ದಳು. ಅದನ್ನು ನೋಡಿ, ಎಂಥ ಮರ್ಯಾದೆಯ ಹೆಂಗಸು ಅಂದುಕೊಂಡಿದ್ದೆ.

ಎರಡನೇ ಆಪರೇಷನ್ನಿನಲ್ಲಿ ಗಾಯ ತೊಳೆದರು. ಮೂರನೆಯದರಲ್ಲಿ ರಾಡ್ ತೆಗೆದರು. ಇನ್ಫೆಕ್ಷನ್ ಎಲುಬಿಗೆ ಇಳಿದಿತ್ತು. ಯಾವ ಆಂಟಿಬಯೋಟಿಕ್ಕಿಗೂ ಬಗ್ಗಲಿಲ್ಲ. ಡಾಕ್ಟರ್ ನನ್ನನ್ನು ಹೊರಗೆ ಕರೆದರು.

"ಕಾಲು ಉಳಿಸಾಕ ಹೋದ್ರ ಜೀವಕ್ಕ ಕಷ್ಟ ಐತ್ರಿ."

ಈ ಮಾತನ್ನು ಅವ್ವನಿಗೆ ಹೇಗೆ ಹೇಳುವುದೆಂದು ತಿಳಿಯದೆ ಮಂಚದ ಹತ್ತಿರ ಬಂದು ಕೂತೆ. ಅಷ್ಟರಲ್ಲಿ ಇನ್ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಬಂದರು. ವಾರ್ಡಿನಲ್ಲಿ ಇನ್ನೊಬ್ಬರ ಗಾಯವೂ ಕೀವಾಗಿತ್ತು. ಸಿಸ್ಟರ್ ಕೈಯಲ್ಲಿ ಪೆನ್ನಿನ ಗಾತ್ರದ ಟಾರ್ಚು. ಬೆಳಿಗ್ಗೆಯೇ ಮಂಚ, ಮೇಜು, ಸಲೈನ್ ಸ್ಟ್ಯಾಂಡುಗಳಲ್ಲಿ ಕೈ ತಾಗುವ ಕಡೆಯೆಲ್ಲ ಅವರು ಕಣ್ಣಿಗೆ ಕಾಣದ ಒಂದು ದ್ರವದ ಚುಕ್ಕೆ ಇಟ್ಟು ಹೋಗಿದ್ದರಂತೆ. ಒರೆಸಿದ್ದರೆ ಚುಕ್ಕೆ ಹೋಗಿರುತ್ತದೆ. ಒರೆಸದಿದ್ದರೆ ಈ ಟಾರ್ಚಿನ ಬೆಳಕಿಗೆ ಹೊಳೆಯುತ್ತದೆ.

ಕಿಟಕಿಯ ಪರದೆ ಎಳೆದು ನೇರಳೆ ಬೆಳಕು ಹಾಯಿಸಿದರು. ಮೇಜಿನ ಮೇಲೆ ಏನಿಲ್ಲ. ಸ್ಟ್ಯಾಂಡಿನ ಮೇಲೆ ಏನಿಲ್ಲ. ಕಂಬಿಯ ಉದ್ದಕ್ಕೂ ಏನಿಲ್ಲ.

ಗಂಟು ಹೊಳೆಯಿತು.

"ಶಾಂತವ್ವ, ಇದೊಂದ ಯಾಕ ಬಿಟ್ಟಿ?"

"ದೇವರದ್ರೀ ಸಿಸ್ಟರ್. ಹೊಲಸು ಒರಸೋ ಬಟ್ಟೀಲೆ ಅದನ್ನ ಹ್ಯಾಂಗ ಮುಟ್ಲಿರಿ?"

ಸಿಸ್ಟರೂ ಕೈ ಹಾಕಲಿಲ್ಲ. ಯಾರು ಕಟ್ಟಿದ್ದು ಎಂದು ವಾರ್ಡಿಗೆಲ್ಲ ಕೇಳುವಂತೆ ಕೇಳಿದರು. ಪಕ್ಕದ ಮಂಚದಲ್ಲಿ ಪಟ್ಟಿ ಬದಲಿಸುತ್ತಿದ್ದ ಡ್ರೆಸ್ಸರ್ ತಿರುಗಿ ನೋಡಿದ.

"ಅದಾ? ನಾನ ಕಟ್ಟಿದ್ದರೀ. ಹಿಂದಿನ ಪೇಷಂಟಿನ ಕೀವು ಇಳಿಯೋ ಚೀಲ ಜಾರತಿತ್ತು. ಆಪರೇಷನ್ ಥಿಯೇಟರಿನ ಹಳೆ ಹಸರ ಬಟ್ಟಿ ಹರದು ಬಿಗದಿದ್ದೆ. ಚೀಲ ತಗದೆ, ಇದನ್ನ ಬಿಚ್ಚೋದು ಮರತೆ."

ಶಾಂತವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಅವ್ವನ ಮುಖ ನೋಡಲಾಗಲಿಲ್ಲ. ಆಕೆ ನಕ್ಕದ್ದು ಮಾತ್ರ ಕೇಳಿಸಿತು.

"ಅಯ್ಯ ತಮ್ಮಾ, ನಿನ್ನ ಗಂಟಿಗೆ ದಿನಾ ಕೈ ಮುಗದೆನಲ್ಲೋ! ಮ್ಯಾಲೆ ಆ ಪೀರಪ್ಪ ಎಷ್ಟ ನಕ್ಕಿರಬೇಕ."

"ತಪ್ಪಾತು ಆಯಿ," ಎಂದ ಡ್ರೆಸ್ಸರ್.

ಅವ್ವ ಗ್ಲೌಸ್ ಕೇಳಿ ಹಾಕಿಕೊಂಡು ತಾನೇ ಗಂಟು ಬಿಚ್ಚಿದಳು. ಎಷ್ಟೋ ಕೌದಿ ಹೊಲಿದ ಬೆರಳುಗಳು, ತಡವಾಗಲಿಲ್ಲ. ಆ ಚೂರನ್ನು ಸಿಸ್ಟರ್ ಹಿಡಿದ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಿ ನನ್ನ ಕಡೆ ತಿರುಗಿದಳು.

"ಈಗ ಹೇಳು. ಕಾಲು ಹೋಗತೈತೇನು?"

ನಾನು ಹೂಂ ಅಂದೆ.

ಆ ಗಂಟಿನಿಂದಲೇ ಬಂತೇ ಎಂದು ಆಮೇಲೆ ಡಾಕ್ಟರನ್ನು ಕೇಳಿದೆ. ಹೌದು ಅನ್ನಲೂ ಬರುವುದಿಲ್ಲ, ಅಲ್ಲ ಅನ್ನಲೂ ಬರುವುದಿಲ್ಲ ಎಂದರು. ಅವ್ವನಿಗೆ ಶುಗರ್ ಇತ್ತು, ವಯಸ್ಸಾಗಿತ್ತು, ಬೇರೆ ದಾರಿಯಿಂದಲೂ ಬಂದಿರಬಹುದು. ಸೋಮಾರಿತನದಿಂದ ಬಿಟ್ಟ ಜಾಗವಾಗಿದ್ದರೆ ಸಿಟ್ಟನ್ನಾದರೂ ಇಟ್ಟುಕೊಳ್ಳುತ್ತಿದ್ದೆ. ಆದರೆ ಆ ಒಂದು ಬೆರಳಗಲದ ಜಾಗವನ್ನು ಒಬ್ಬೊಬ್ಬರೂ ಬಿಟ್ಟದ್ದು ಕಾಣದ ಯಾರದೋ ದುಃಖಕ್ಕೆ ಮರ್ಯಾದೆ ಕೊಟ್ಟು. ಇದನ್ನು ಎಲ್ಲಿಡಬೇಕೋ ನನಗಿನ್ನೂ ತಿಳಿದಿಲ್ಲ.

ಕಾಲು ತೆಗೆದರು. ಇಲ್ಲದ ಮೊಣಕಾಲು ತುರಿಸುತ್ತದೆ ಎಂದು ಅವ್ವ ಬರೀ ಹಾಸಿಗೆಯನ್ನು ಕೆರೆಯುತ್ತಿದ್ದಳು. ನಾನು ಕೈ ಹಿಡಿದರೆ, "ಬಿಡು, ಹಿತ ಆಗತೈತಿ" ಅನ್ನುತ್ತಿದ್ದಳು. ನಾನು ಹೊರಗೆ ಹೋಗಿ ಅತ್ತು ಬರುತ್ತಿದ್ದೆ.

ಮಂಚಕ್ಕೆ ಏನನ್ನೂ ಕಟ್ಟಬಾರದು ಎಂದು ಸಿಸ್ಟರ್ ಎಲ್ಲರಿಗೂ ಹೇಳುತ್ತ ಬಂದರು. ಅವ್ವ ಅವರನ್ನು ನಿಲ್ಲಿಸಿದಳು.

"ಕಟ್ಟಬ್ಯಾಡ್ರಿ ಅಂದ್ರ ಮಂದಿ ಕೇಳೂದಿಲ್ರಿ ಅಕ್ಕಾರ. ಎಲ್ಲಿ ಕಟ್ಟಬೇಕು ಅನ್ನೂದು ತೋರಸ್ರಿ."

ಈಗ ವಾರ್ಡಿನ ಬಾಗಿಲ ಹೊರಗೆ ಗೋಡೆಗೊಂದು ಗೂಟ ಇದೆ. ನಾವು ಹೊರಡುವ ಹೊತ್ತಿಗೆ ಅದರ ಮೇಲೆ ಕೆಂಪು ದಾರ, ಒಂದು ತಾಯತ, ಯಾರದೋ ಮಗುವಿನ ಕಾಲ್ಗೆಜ್ಜೆ ಸೇರಿದ್ದವು. ಅವ್ವನ ಸೀರೆಯ ಅಂಚಿನ ಚೂರೂ ಇತ್ತು. ಯಾರಿಗಾಗಿ ಬೇಡಿಕೊಂಡೆ ಎಂದು ಕೇಳಿದರೆ ಹೇಳಲಿಲ್ಲ.

ಡಿಸ್ಚಾರ್ಜ್ ಆಯಿತು. ವ್ಹೀಲ್‌ಚೇರಿನಲ್ಲಿ ಕೂತ ಅವ್ವ, "ತಡಿ," ಅಂದಳು. ನಮ್ಮ ಮಂಚಕ್ಕೆ ಬರುವ ಮುದುಕ ಆಗಲೇ ಬಾಗಿಲಲ್ಲಿ ಸ್ಟ್ರೆಚರ್ ಮೇಲಿದ್ದ. ಪಕ್ಕದಲ್ಲಿ ಅವನ ಮಗಳು ಬುತ್ತಿ ಹಿಡಿದು ನಿಂತಿದ್ದಳು. ಶಾಂತವ್ವ ಬಟ್ಟೆ ಹಿಂಡಿ, ಕಂಬಿಯ ತಲೆದೆಸೆಯಿಂದ ಒರೆಸುತ್ತ ಬಂದಳು. ಗಂಟಿದ್ದ ಜಾಗ ಹತ್ತಿರವಾಯಿತು.

ಅವಳ ಕೈ ಏಳಲಿಲ್ಲ. ಕೊನೆಯ ತನಕ ಹೋಯಿತು.

"ಆತು, ನಡಿ," ಅಂದಳು ಅವ್ವ.